ಹುಡುಕದೇ ಸಿಕ್ಕ ಗಂಟು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಮಿತಿಯವರು ನನಗೆ ಕೊಟ್ಟಿದ್ದ ವಿಷಯ 'ಮಾಹಿತಿ ತಂತ್ರಜ್ಞಾನದಲ್ಲಿ ಗ್ರಾಮೀಣ ಮಕ್ಕಳಿಗೆ ಅವಕಾಶ'. ಅದರ ಬಗ್ಗೆ ಹೇಳಲು ನಮ್ಮ ಬ್ಯಾಚಿನವರೇ ಇನ್ನೂ ಮೂವರು ಬಂದಿದ್ದಾರೆ. ಅವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಹಾಗಾಗಿ ಮುಖ್ಯೋಪಾಧ್ಯಾಯರ ಅಪ್ಪಣೆ ಪಡೆದು ನಾನು ಬೇರೆ ವಿಷಯ ತೆಗೆದುಕೊಂಡಿದ್ದೇನೆ.

ನಾನು ಡಾಕ್ಟರಲ್ಲ. ಬಿ.ಇ. ಓದಿ ಕಂಪ್ಯೂಟರಿನ ಮುಂದೆ ಕೂರುವವನು. ಇವತ್ತು ಹೇಳುವುದು ನನ್ನ ಮಗಳ ವಿಷಯ. ನಾಲ್ಕೂವರೆ ವರ್ಷದಿಂದ ಇದನ್ನು ಈ ಊರಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹೊರಡುವ ಮುಂಚೆ ಅವಳನ್ನೇ ಕೇಳಿದೆ. "ಹೇಳು ಅಪ್ಪ, ಆದರೆ ನನ್ನ ಹೆಸರು ಹೇಳಬೇಡ" ಅಂದಳು. ಅವಳಿಗೀಗ ಒಂಬತ್ತು ವರ್ಷ. ಅವಳ ಮಾತಿನಂತೆ ಹೆಸರು ಹೇಳುವುದಿಲ್ಲ.

ಅವಳಿಗೆ ನಾಲ್ಕೂವರೆ ವರ್ಷವಾಗಿದ್ದಾಗ, ಒಂದು ಭಾನುವಾರ ಸಂಜೆ, ಬೆಂಗಳೂರಿನ ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಜಾರುಬಂಡೆಯ ಮೇಲಿನ ಮೆಟ್ಟಿಲಿನಿಂದ ಹಿಮ್ಮುಖವಾಗಿ ಬಿದ್ದಳು. ತಲೆಯ ಹಿಂಭಾಗ ನೆಲಕ್ಕೆ ಬಡಿಯಿತು. ಸ್ವಲ್ಪ ಹೊತ್ತು ಅತ್ತು ಸುಮ್ಮನಾದಳು. ಮನೆಗೆ ಬಂದ ಮೇಲೆ ಮೂರು ಸಲ ವಾಂತಿ ಮಾಡಿಕೊಂಡಳು. ಮಂಕಾಗಿ, ಎಬ್ಬಿಸಿದರೂ ಮತ್ತೆ ಮತ್ತೆ ತೂಕಡಿಸತೊಡಗಿದಳು. ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ತಲೆಯ ಸಿ.ಟಿ. ಸ್ಕ್ಯಾನ್ ಮಾಡಿದರು. ಅರ್ಧ ಗಂಟೆಯ ಮೇಲೆ ಡ್ಯೂಟಿ ಡಾಕ್ಟರ್ ಬಂದು, "ಮೂಳೆ ಮುರಿದಿಲ್ಲ, ರಕ್ತಸ್ರಾವ ಇಲ್ಲ, ಗಾಬರಿಯಾಗಬೇಡಿ" ಎಂದರು. ನನ್ನ ಹೆಂಡತಿ ಕೈ ಮುಗಿದಳು. ಡಾಕ್ಟರ್ ಹೋಗಲಿಲ್ಲ. "ಆದರೆ" ಎಂದರು.

ಆ 'ಆದರೆ' ನಮ್ಮ ಮನೆಗೆ ಬಂದದ್ದು ಹೀಗೆ. ಬಿದ್ದ ಪೆಟ್ಟು ನೋಡಲು ತೆಗೆದ ಚಿತ್ರದಲ್ಲಿ, ಪೆಟ್ಟಿಗೆ ಯಾವ ಸಂಬಂಧವೂ ಇಲ್ಲದ ಒಂದು ಚಿಕ್ಕ ಉಬ್ಬು ಮೆದುಳಿನ ಮಧ್ಯದಲ್ಲಿ ಕಂಡಿತ್ತು. ಎಂ.ಆರ್.ಐ. ಮಾಡಿಸಲು ಹೇಳಿದರು. ಪುಟ್ಟ ಮಕ್ಕಳು ಆ ಯಂತ್ರದೊಳಗೆ ಅಲುಗಾಡದೆ ಮಲಗುವುದಿಲ್ಲವಾದ್ದರಿಂದ ಮತ್ತು ಬರುವ ಔಷಧಿ ಕೊಟ್ಟು ಒಳಗೆ ಕಳಿಸಿದರು. ಎರಡು ದಿನದ ಮೇಲೆ ಬಂದ ವರದಿಯಲ್ಲಿ 'ಟೆಕ್ಟಲ್ ಗ್ಲಯೋಮಾ' ಎಂದಿತ್ತು. ಅದೊಂದು ಅಪರೂಪದ ಮೆದುಳಿನ ಗೆಡ್ಡೆ. ಬ್ರೈನ್ ಟ್ಯೂಮರ್.

ನಮ್ಮೂರಲ್ಲಿ ಹುಡುಕದೇ ಗಂಟು ಸಿಕ್ಕರೆ ಅದೃಷ್ಟ ಅನ್ನುತ್ತಾರೆ. ಇದು ಅಂಥ ಗಂಟೋ, ಬೇರೆಯದೋ ಅಂತ ತಿಳಿಯಲು ನನಗೆ ವರ್ಷಗಳೇ ಬೇಕಾದವು.

ಮೊದಲು ಇಂಥ ಗಂಟು ಹೇಗೆ ಸಿಗುತ್ತದೆ ಎಂದು ಹೇಳುತ್ತೇನೆ. ಸಿ.ಟಿ. ಸ್ಕ್ಯಾನ್ ಕಂಡುಹಿಡಿದವರು ಡಾಕ್ಟರಲ್ಲ, ಒಬ್ಬ ಇಂಜಿನಿಯರ್. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅಂತ. ಇಂಗ್ಲೆಂಡಿನ ಒಂದು ಹಳ್ಳಿಯ ಬೇಸಾಯದ ಮನೆಯಲ್ಲಿ ಬೆಳೆದವರು. ಗ್ರಾಮಫೋನ್ ತಟ್ಟೆಗಳಿಗೆ ಹೆಸರಾದ ಇಎಂಐ ಕಂಪನಿಯಲ್ಲಿ ಕೆಲಸಕ್ಕಿದ್ದರು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಅವರ ಯಂತ್ರ ಮೊದಲ ರೋಗಿಯ ತಲೆಯೊಳಗನ್ನು ತೋರಿಸಿತು. 1979ರಲ್ಲಿ ಅವರಿಗೂ ಅಲನ್ ಕಾರ್ಮಾಕ್ ಅವರಿಗೂ ನೊಬೆಲ್ ಬಂತು. ಅಲ್ಲಿಯವರೆಗೆ ತಲೆಬುರುಡೆಯನ್ನು ತೆರೆಯದೆ ಮೆದುಳನ್ನು ಇಷ್ಟು ನೇರವಾಗಿ ನೋಡುವ ದಾರಿ ಇರಲಿಲ್ಲ. ಈಗ ಜಿಲ್ಲಾ ಕೇಂದ್ರಗಳಲ್ಲೇ ಯಂತ್ರಗಳಿವೆ. ಹೆಚ್ಚು ನೋಡಿದಷ್ಟೂ ಹೆಚ್ಚು ಕಾಣುತ್ತದೆ.

ಎಷ್ಟು ಕಾಣುತ್ತದೆ? ನೆದರ್ಲೆಂಡ್ಸ್ ದೇಶದ ರಾಟರ್‌ಡ್ಯಾಮಿನಲ್ಲಿ ಮಕ್ಕಳ ಬೆಳವಣಿಗೆ ತಿಳಿಯಲು ಹತ್ತು ವರ್ಷ ಆಸುಪಾಸಿನ 3,966 ಮಕ್ಕಳ ಮೆದುಳಿನ ಎಂ.ಆರ್.ಐ. ಮಾಡಿದರು. ಕಾಯಿಲೆ ಇದೆ ಎಂದು ಮಾಡಿದ ಸ್ಕ್ಯಾನ್ ಅಲ್ಲ ಅದು. ಅದರ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಏನಾದರೊಂದು ಕಂಡಿತ್ತು. ಅವುಗಳಲ್ಲಿ ಬಹುಪಾಲು ನೀರುಗುಳ್ಳೆಯಂಥವು, ಏನೂ ತೊಂದರೆ ಕೊಡದವು. ಮುಂದೆ ಡಾಕ್ಟರ ಬಳಿ ತೋರಿಸಿಕೊಳ್ಳಬೇಕಾಗಿದ್ದವರು 17 ಮಕ್ಕಳು. ಗೆಡ್ಡೆ ಇರಬಹುದು ಎಂಬ ಅನುಮಾನ ಬಂದದ್ದು 7 ಮಕ್ಕಳಲ್ಲಿ. ಅಂದರೆ ಸುಮಾರು ಸಾವಿರಕ್ಕೆ ಇಬ್ಬರು. ನನ್ನ ಮಗಳು ಆ ಇಬ್ಬರ ಸಾಲಿಗೆ ಸೇರಿದವಳು.

ವರದಿ ಕೈಗೆ ಬಂದ ದಿನವೇ ಒಬ್ಬ ತಜ್ಞರನ್ನು ನೋಡಿದೆವು. ಯಾರು, ಎಲ್ಲಿ ಎಂದು ಹೇಳುವುದಿಲ್ಲ. ಹತ್ತು ನಿಮಿಷದಲ್ಲಿ, "ನಾಳೆಯೇ ಅಡ್ಮಿಟ್ ಮಾಡಿ, ತೆಗೆದುಬಿಡೋಣ" ಎಂದರು. ನನಗೂ ಅದೇ ಬೇಕಾಗಿತ್ತು. ಮಗುವಿನ ತಲೆಯಲ್ಲಿ ಏನೋ ಇದೆ ಎಂದರೆ ಅಪ್ಪನಾದವನಿಗೆ ಅದು ಇವತ್ತೇ ಆಚೆ ಬರಬೇಕು ಅನ್ನಿಸುತ್ತದೆ. ದುಡ್ಡು ಹೊಂದಿಸಲು ಆ ರಾತ್ರಿಯೇ ಫೋನ್ ಮಾಡತೊಡಗಿದೆ.

ತಡೆದವಳು ನನ್ನ ಹೆಂಡತಿ. "ಇನ್ನೊಬ್ಬರ ಹತ್ತಿರ ಕೇಳೋಣ" ಅಂದಳು. ಆಗ ನನಗೆ ನೆನಪಾದದ್ದು ಈ ಶಾಲೆಯ ಗಣಿತದ ಮೇಷ್ಟ್ರು. ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ರೇಖಾಗಣಿತದ ಪ್ರಮೇಯ ಬಿಡಿಸುವಾಗ 'ದತ್ತ' ಮತ್ತು 'ಸಾಧನೀಯ' ಬರೆಯದೆ ನೇರ ಸಾಧನೆಗೆ ಇಳಿದರೆ ಸ್ಲೇಟು, ಪುಸ್ತಕ ಎರಡೂ ಕಿಟಕಿಯಿಂದ ಆಚೆ ಹೋಗುತ್ತಿದ್ದವು. ಆ ರಾತ್ರಿ ವರದಿಯ ಕವರಿನ ಹಿಂದೆ ಬರೆದೆ. ದತ್ತ: ಗೆಡ್ಡೆ ಚಿಕ್ಕದು. ಮಗು ಓಡಾಡುತ್ತಿದೆ, ಆಡುತ್ತಿದೆ. ಬೀಳುವ ಮುಂಚೆ ಯಾವ ತೊಂದರೆಯೂ ಇರಲಿಲ್ಲ. ಸಾಧನೀಯ: ಇದನ್ನು ತೆಗೆಯಬೇಕೆ? ಬರೆದ ಮೇಲೆ ಗೊತ್ತಾಯಿತು, ನಾನು ಸಾಧನೀಯವನ್ನೇ ದತ್ತ ಅಂದುಕೊಂಡಿದ್ದೆ. ತೆಗೆಯಲೇಬೇಕು ಎಂದು ಮೊದಲೇ ತೀರ್ಮಾನಿಸಿಬಿಟ್ಟಿದ್ದೆ.

ಎರಡನೆಯ ಡಾಕ್ಟರ್ ಮಕ್ಕಳ ನರಶಸ್ತ್ರಚಿಕಿತ್ಸಕರು. ಮುಕ್ಕಾಲು ಗಂಟೆ ಕೂರಿಸಿಕೊಂಡು ಚಿತ್ರ ಬರೆದು ಹೇಳಿದರು. ಹತ್ತನೇ ತರಗತಿಯಲ್ಲಿ ನಾವೆಲ್ಲ ಮುಮ್ಮೆದುಳು, ಮಧ್ಯ ಮೆದುಳು, ಹಿಮ್ಮೆದುಳು ಅಂತ ಚಿತ್ರ ಬರೆದಿದ್ದೇವಲ್ಲ, ಆ ಮಧ್ಯ ಮೆದುಳಿನ ಹಿಂಬದಿಯ ಸೂರಿನಂಥ ಭಾಗದಲ್ಲಿ ಈ ಗೆಡ್ಡೆ ಇತ್ತು. ಕಣ್ಣಿನ ಚಲನೆ, ಸದ್ದು ಬಂದ ಕಡೆ ತಿರುಗುವುದು, ಇವೆಲ್ಲ ಆ ಭಾಗಕ್ಕೆ ಸೇರಿದ ಕೆಲಸ. ಅಲ್ಲಿಗೆ ಕತ್ತಿ ಹಾಕುವುದು ಸುಲಭವಲ್ಲ. ಚೂರು ತೆಗೆದು ಪರೀಕ್ಷೆಗೆ ಕಳಿಸುವುದೂ ಅಪಾಯವೇ. ಇನ್ನೊಂದು ಕಡೆ, ಈ ಜಾಗದಲ್ಲಿ ಮಕ್ಕಳಿಗೆ ಬರುವ ಇಂಥ ಗೆಡ್ಡೆಗಳು ಬಹುಪಾಲು ತುಂಬಾ ನಿಧಾನದವು. ವರ್ಷಗಟ್ಟಲೆ ಹಾಗೇ ಕೂತಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಮೆದುಳಿನ ಗೆಡ್ಡೆಗಳನ್ನು 1ರಿಂದ 4ರವರೆಗೆ ದರ್ಜೆ ಮಾಡಿದೆ. 4 ಎಂದರೆ ಬಹಳ ವೇಗದ್ದು. ಇದು ಕೆಳಗಿನ ದರ್ಜೆಯದಿರಬೇಕು ಎಂದು ಚಿತ್ರದ ಲಕ್ಷಣ ನೋಡಿ ಅವರು ಹೇಳಿದರು. "ಈಗ ಮುಟ್ಟುವುದು ಬೇಡ, ಕಾಯೋಣ. ಮೂರು ತಿಂಗಳಿಗೆ ಒಂದು ಎಂ.ಆರ್.ಐ., ಆಮೇಲೆ ಆರು ತಿಂಗಳಿಗೊಂದು" ಎಂದರು.

ಇಲ್ಲಿ ಒಂದು ಮಾತು ಸೇರಿಸಬೇಕು. ಎಲ್ಲ ಗೆಡ್ಡೆಯೂ ಹೀಗಲ್ಲ. ಮೆಡುಲೋಬ್ಲಾಸ್ಟೋಮಾ ಎಂಬಂಥವು ಮಕ್ಕಳಲ್ಲೇ ಹೆಚ್ಚಾಗಿ ಬರುತ್ತವೆ, ಬೇಗ ಬೆಳೆಯುತ್ತವೆ. ಅವಕ್ಕೆ ಆಪರೇಷನ್, ಕಿಮೋ, ಮಗುವಿನ ವಯಸ್ಸು ನೋಡಿಕೊಂಡು ವಿಕಿರಣ ಚಿಕಿತ್ಸೆ, ಇವೆಲ್ಲ ತಡಮಾಡದೆ ಆಗಬೇಕು. ನಮ್ಮ ಮಗುವಿಗೆ ಕಾದದ್ದು ಸರಿಯಾಯಿತು ಎಂದು ಯಾರೂ ತಮ್ಮ ಮಗುವಿಗೆ ಮನೆಯಲ್ಲೇ ಕೂತು ಕಾಯಬೇಡಿ. ಕಾಯಬೇಕೋ ಬೇಡವೋ ಎಂದು ಹೇಳಬೇಕಾದವರು ಅದನ್ನು ಬಲ್ಲವರು. ಲೆಕ್ಕ ಇಟ್ಟುಕೊಂಡು ಕಾಯುವುದೇ ಬೇರೆ, ಸುಮ್ಮನೆ ಕೂರುವುದೇ ಬೇರೆ.

ಡಾಕ್ಟರು ಇನ್ನೊಂದು ವಿಷಯ ಹೇಳಿದ್ದರು. ಗೆಡ್ಡೆಗಿಂತ ಅದು ಕೂತಿರುವ ಜಾಗ ನೋಡಿಕೊಳ್ಳಬೇಕು ಅಂತ. ನನಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಿದವರು ನಮ್ಮಪ್ಪ. ನಿಮಗೆಲ್ಲ ಗೊತ್ತು, ನಮ್ಮಪ್ಪ ಈ ಊರಿನ ನೀರುಗಂಟಿ ಆಗಿದ್ದವರು. ಅಪ್ಪ, ಅವ್ವ ಇಬ್ಬರಿಗೆ ಮಾತ್ರ ವಿಷಯ ಹೇಳಿದ್ದೆ. ಡಾಕ್ಟರು ಬರೆದುಕೊಟ್ಟ ಚಿತ್ರ ತೋರಿಸಿದೆ. ಮೆದುಳಿನೊಳಗೆ ನಾಲ್ಕು ಚಿಕ್ಕ ಕೊಳಗಳಿವೆ. ಅವುಗಳಲ್ಲಿ ತಿಳಿ ನೀರಿನಂಥ ದ್ರವ ಹುಟ್ಟುತ್ತಲೇ ಇರುತ್ತದೆ. ದೊಡ್ಡವರಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್. ಅದು ಒಂದರಿಂದ ಒಂದಕ್ಕೆ ಹರಿದು, ಕೊನೆಗೆ ಮೆದುಳಿನ ಹೊರಮೈಗೆ ಬಂದು ರಕ್ತಕ್ಕೆ ಸೇರಿಹೋಗುತ್ತದೆ. ಮೂರನೆಯ ಕೊಳದಿಂದ ನಾಲ್ಕನೆಯದಕ್ಕೆ ಹೋಗುವ ಕಾಲುವೆ ಬಹಳ ಸಣ್ಣದು. ನಮ್ಮ ಮಗುವಿನ ಗೆಡ್ಡೆ ಸರಿಯಾಗಿ ಅದರ ಬೆನ್ನಿಗೆ ಅಂಟಿ ಕೂತಿತ್ತು.

ಅಪ್ಪ ಚಿತ್ರ ನೋಡಿ, "ಅಂಗಂದ್ರೆ ಗೆಡ್ಡೆ ಬೆಳೆದ್ರೆ ತೂಬು ಕಟ್ಕತದೆ. ಮೇಲ್ಗಡೆ ಕಟ್ಟೆ ತುಂಬ್ಕತದೆ" ಎಂದರು. ನಾನು ಹೌದು ಅಂದೆ. "ತೂಬು ಕಟ್ಟುದ್ರೆ ಅದ್ನೇ ಕೀಳಕ್ಕೋಯ್ತಾರಾ? ಏರಿಗೆ ಒಂದ್ ಗಂಡಿ ಒಡುದು ಪಕ್ಕದಲ್ಲಿ ಬುಡ್ತಾರೆ" ಎಂದರು. ಮುಂದಿನ ಸಲ ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ನಕ್ಕು, ಇದಕ್ಕೆ ಮಾಡುವ ಆಪರೇಷನ್ ಅದೇ ಎಂದರು. ನಾಲ್ಕನೇ ತರಗತಿಗೆ ಓದು ಬಿಟ್ಟ ನಮ್ಮಪ್ಪನಿಗೆ ಬಿ.ಇ. ಓದಿದ ನನಗಿಂತ ಬೇಗ ತಿಳಿದಿತ್ತು.

ಇಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಮಾಡಿದೆವು. ಇನ್ನು ನಾವು ಮಾಡಿದ ತಪ್ಪನ್ನು ಹೇಳುತ್ತೇನೆ. ಇದನ್ನು ಹೇಳಲಿಕ್ಕೇ ನಾನು ಇಲ್ಲಿ ನಿಂತದ್ದು.

ಅವ್ವ ಅತ್ತು ಅತ್ತು ಸಮಾಧಾನವಾದ ಮೇಲೆ ಹೇಳಿದ ಮೊದಲ ಮಾತು, "ಹೆಣ್ಣ್ ಮಗ ಕಣಪ್ಪ. ಊರಿಗೆ ಗೊತ್ತಾದ್ರೆ ನಾಳಿಕ್ಕೆ ಯಾರು ಕೇಳ್ಕೊಂಡ್ ಬತ್ತಾರೆ? ಯಾರ್ಗೂ ಉಸುರ್‌ಬ್ಯಾಡ." ಅವ್ವನ ಮೇಲೆ ನನಗೆ ಸಿಟ್ಟಿಲ್ಲ. ಅವಳು ಕಂಡ ಲೋಕ ಅದು. ಆದರೆ ಓದಿದ ನಾನೂ ಒಪ್ಪಿದೆ. ನೆಂಟರಿಗೆ ಹೇಳಲಿಲ್ಲ. ಸ್ಕ್ಯಾನ್ ಇದ್ದಾಗ ಆಫೀಸಿಗೆ ಬೇರೆ ಕಾರಣ ಹೇಳಿ ರಜೆ ಹಾಕಿದೆ. ಮಗಳ ಸ್ಕೂಲಿಗೂ ಹೇಳಲಿಲ್ಲ. ಅವಳಿಗೂ, "ತಲೆ ಸ್ಕ್ಯಾನ್ ವಿಷಯ ಯಾರ ಹತ್ತಿರವೂ ಹೇಳಬಾರದು ಚಿನ್ನ" ಎಂದು ಕಲಿಸಿದೆವು.

ಎರಡೂವರೆ ವರ್ಷ ಎಲ್ಲ ಸ್ಕ್ಯಾನೂ ಒಂದೇ ಥರ ಬಂದವು. ನಮಗೂ ಭಯ ಸ್ವಲ್ಪ ತಗ್ಗಿತ್ತು. ಅವಳು ಎರಡನೇ ತರಗತಿಯಲ್ಲಿದ್ದಾಗ ಡೈರಿಯಲ್ಲಿ ಟೀಚರ್ ಬರೆದು ಕಳಿಸತೊಡಗಿದರು. 'ಗಮನ ಕೊಡುತ್ತಿಲ್ಲ.' 'ಅಕ್ಷರ ಕೆಟ್ಟಿದೆ.' 'ತರಗತಿಯಲ್ಲಿ ಡೆಸ್ಕಿನ ಮೇಲೆ ತಲೆ ಇಟ್ಟು ಮಲಗುತ್ತಾಳೆ.' ನಾನು ಟಿ.ವಿ. ನೋಡುವುದು ಹೆಚ್ಚಾಯಿತು ಎಂದು ಬೈದೆ. ಮೂರು ವಾರ ಹೀಗೇ ಆಯಿತು. ಒಂದು ಬೆಳಿಗ್ಗೆ ಸ್ಕೂಲ್ ವ್ಯಾನಿನಲ್ಲಿ ವಾಂತಿ ಮಾಡಿಕೊಂಡು, ಇಳಿಯುವಾಗ ತೂರಾಡಿದಳು. ಸ್ಕೂಲಿನಿಂದ ಫೋನ್ ಬಂತು. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಕೇಳಿದೆ, "ಯಾವಾಗಿನಿಂದ ತಲೆ ನೋಯುತ್ತಿದೆ?" "ತುಂಬಾ ದಿನದಿಂದ. ಬೆಳಿಗ್ಗೆ ಎದ್ದಾಗ ಜಾಸ್ತಿ" ಅಂದಳು. "ಟೀಚರ್‌ಗೆ ಯಾಕೆ ಹೇಳಲಿಲ್ಲ?" "ತಲೆ ವಿಷಯ ಹೇಳಬಾರದು ಅಂತ ನೀನೇ ಹೇಳಿದ್ದೆಯಲ್ಲ." "ಅಮ್ಮನಿಗಾದರೂ ಹೇಳಬಹುದಿತ್ತಲ್ಲ?" "ಹೇಳಿದರೆ ಅಮ್ಮ ಅಳ್ತಾಳೆ."

ಏಳು ವರ್ಷದ ಮಗು ನಮ್ಮ ಗುಟ್ಟನ್ನು ತನ್ನ ತಲೆಯಲ್ಲಿ ಹೊತ್ತುಕೊಂಡು ಓಡಾಡಿತ್ತು. ಟೀಚರದ್ದು ತಪ್ಪಲ್ಲ. ಅವರು ಕಂಡದ್ದನ್ನು ಕಂಡ ಹಾಗೆ ಬರೆದಿದ್ದರು. ಓದಲು ಬರದೆ ಹೋದದ್ದು ನನಗೆ. ಅವರಿಗೆ ವಿಷಯ ಗೊತ್ತಿದ್ದರೆ ಮೊದಲ ದಿನವೇ ಫೋನ್ ಮಾಡುತ್ತಿದ್ದರು.

ಗೆಡ್ಡೆ ಒಂದಿಷ್ಟೇ ಉಬ್ಬಿತ್ತು. ಆದರೆ ಕಾಲುವೆ ಮುಚ್ಚಿ, ಮೇಲಿನ ಕೊಳಗಳು ತುಂಬಿ ಹಿಗ್ಗಿದ್ದವು. ಮಾರನೆಯ ದಿನ ಆಪರೇಷನ್ ಆಯಿತು. ಅಪ್ಪ ಹೇಳಿದ ಗಂಡಿಯೇ. ತಲೆಯ ಮುಂಭಾಗದಲ್ಲಿ ಚಿಕ್ಕ ರಂಧ್ರ ಮಾಡಿ, ಕ್ಯಾಮೆರಾ ಇರುವ ತೆಳ್ಳನೆಯ ಕೊಳವೆ ಇಳಿಸಿ, ಮೂರನೆಯ ಕೊಳದ ತಳದಲ್ಲಿ ಒಂದು ಕಿಂಡಿ ತೆರೆದರು. ನೀರು ಅಡ್ಡದಾರಿ ಹಿಡಿದು ಹೊರಗೆ ಹರಿಯಿತು. ಗೆಡ್ಡೆಯನ್ನು ಮುಟ್ಟಲಿಲ್ಲ. ಕಿಂಡಿ ನಿಲ್ಲದಿದ್ದರೆ ತಲೆಯಿಂದ ಹೊಟ್ಟೆಗೆ ಚರ್ಮದ ಕೆಳಗೆ ಕೊಳವೆ ಹಾಕಬೇಕಾಗುತ್ತದೆ ಎಂದಿದ್ದರು. ಇಲ್ಲಿಯವರೆಗೆ ಅದು ಬೇಕಾಗಿಲ್ಲ. ಕಿಂಡಿ ಮತ್ತೆ ಮುಚ್ಚಲೂಬಹುದು ಎಂದು ಎಚ್ಚರಿಕೆ ಹೇಳಿದ್ದಾರೆ. ಹಾಗಾಗಿ ಈಗ ಅವಳ ಟೀಚರಿಗೆ, ವ್ಯಾನಿನ ಡ್ರೈವರಣ್ಣನಿಗೆ, ಪಕ್ಕದ ಮನೆಯವರಿಗೆ, ಎಲ್ಲರಿಗೂ ಗೊತ್ತು. ಗೆಡ್ಡೆ ಈಗಲೂ ಅಲ್ಲೇ ಇದೆ. ಮುಂದಿನ ಸ್ಕ್ಯಾನ್ ಇನ್ನು ಎರಡು ತಿಂಗಳಿಗೆ. ಅದರಲ್ಲಿ ಏನು ಬರುತ್ತದೆಯೋ ಅದನ್ನು ಅಂದೇ ನೋಡಬೇಕು.

ನನ್ನ ಹೆಂಡತಿ ಬಹಳ ದಿನ ತನ್ನನ್ನೇ ಬೈದುಕೊಂಡಳು. ಪಾರ್ಕಿನಲ್ಲಿ ಫೋನ್ ನೋಡುತ್ತಾ ಕೂತಿದ್ದೆ, ಮಗು ಬಿತ್ತು ಅಂತ. ನಮ್ಮವರು ಕೆಲವರೂ ಅದನ್ನೇ ಅಂದರು. ಇಲ್ಲಿ ಎಲ್ಲರೆದುರು ಹೇಳುತ್ತೇನೆ: ಬಿದ್ದದ್ದರಿಂದ ಗೆಡ್ಡೆ ಬರಲಿಲ್ಲ. ಬಿದ್ದದ್ದರಿಂದ ಗೊತ್ತಾಯಿತು. ದೃಷ್ಟಿಯಿಂದಲೂ ಬರಲಿಲ್ಲ, ಬಸುರಿಯಲ್ಲಿ ಗ್ರಹಣ ನೋಡಿದ್ದರಿಂದಲೂ ಬರಲಿಲ್ಲ.

ಇನ್ನು ನಿಮ್ಮಲ್ಲಿ ಕೆಲವು ವಿನಂತಿ ಮಾಡಿ ಮುಗಿಸುತ್ತೇನೆ.

ಊರಿನ ತಂದೆ ತಾಯಂದಿರಿಗೆ. ಮಗು ಬಿದ್ದಾಕ್ಷಣ ಸ್ಕ್ಯಾನ್ ಮಾಡಿ ಎಂದು ಹಟ ಹಿಡಿಯಬೇಡಿ. ಸಿ.ಟಿ.ಯಲ್ಲಿ ವಿಕಿರಣ ಇದೆ, ಮಕ್ಕಳಿಗೆ ಅದು ಸುಮ್ಮನೆ ಬೀಳಬಾರದು. ಅಮೆರಿಕದಲ್ಲಿ 42 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ, ಯಾವ ಮಗುವಿಗೆ ಸ್ಕ್ಯಾನ್ ಬೇಡ ಎಂದು ತಿಳಿಯುವ ಲಕ್ಷಣಗಳ ಪಟ್ಟಿಯನ್ನು 2009ರಲ್ಲಿ ಪ್ರಕಟಿಸಿದ್ದಾರೆ. ಡಾಕ್ಟರ್ ಬೇಡ ಎಂದರೆ ಅದಕ್ಕೆ ಕಾರಣ ಇರುತ್ತದೆ. ಆದರೆ ಮತ್ತೆ ಮತ್ತೆ ವಾಂತಿ, ಎಚ್ಚರ ತಪ್ಪುವುದು, ಮಂಕು, ಫಿಟ್ಸ್ ಇದ್ದರೆ ಒಂದು ಕ್ಷಣವೂ ಮನೆಯಲ್ಲಿ ಕಾಯಬೇಡಿ.

ಅಧ್ಯಾಪಕರಿಗೆ, ಅಂಗನವಾಡಿ ಅಕ್ಕಂದಿರಿಗೆ. ದಿನಾ ಬೆಳಿಗ್ಗೆ ತಲೆನೋವು ಅಥವಾ ವಾಂತಿ, ಇದ್ದಕ್ಕಿದ್ದಂತೆ ನಡಿಗೆ ತೂರಾಡುವುದು, ಕೈಬರಹ ಕೆಡುವುದು, ಹೊಸದಾಗಿ ಮೆಳ್ಳಗಣ್ಣು, ಎರಡೆರಡು ಕಾಣುವುದು, ತಲೆಯನ್ನು ಒಂದು ಕಡೆಗೆ ವಾಲಿಸಿ ಹಿಡಿಯುವುದು, ಚೂಟಿಯಾಗಿದ್ದ ಮಗು ಮಂಕಾಗುವುದು, ಕೂಸುಗಳಲ್ಲಿ ತಲೆಯ ಸುತ್ತಳತೆ ಬೇಗ ಬೇಗ ಹೆಚ್ಚುವುದು. ಇವು ಬಹುಪಾಲು ಬೇರೆ ಚಿಕ್ಕ ಕಾರಣಗಳಿಂದಲೇ ಬರುತ್ತವೆ. ಆದರೂ ಎರಡು ವಾರವಾದರೂ ಹೋಗದಿದ್ದರೆ, ಅಥವಾ ಎರಡು ಮೂರು ಒಟ್ಟಿಗೆ ಕಂಡರೆ, ಪೋಷಕರನ್ನು ಕರೆಸಿ ಹೇಳಿ. ಇಂಗ್ಲೆಂಡಿನಲ್ಲಿ 2011ರಿಂದ ಇಂಥ ಲಕ್ಷಣಗಳನ್ನು ಚೀಟಿಯಲ್ಲಿ ಅಚ್ಚು ಮಾಡಿ ಶಾಲೆ, ಮನೆಗಳಿಗೆ ಹಂಚಿದ್ದರಿಂದ ಮಕ್ಕಳ ಮೆದುಳಿನ ಗೆಡ್ಡೆ ಮುಂಚಿಗಿಂತ ಬೇಗ ಪತ್ತೆಯಾಗುತ್ತಿದೆ. ಅಂಥದೊಂದು ಪಟ್ಟಿಯನ್ನು ಕನ್ನಡದಲ್ಲಿ ಬರೆದು, ನಮ್ಮ ಡಾಕ್ಟರಿಗೆ ತೋರಿಸಿ ತಿದ್ದಿಸಿ ತಂದಿದ್ದೇನೆ. ಸ್ಟಾಫ್ ರೂಮಿನ ಗೋಡೆಗೆ ಅಂಟಿಸಲು ಅನುಮತಿ ಕೊಡಿ.

ದುಡ್ಡಿಗೆ ಹೆದರುವವರಿಗೆ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆ, ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತದೆ. ಅವರು ಬಂದ ದಿನ ಮಗುವನ್ನು ತಪ್ಪಿಸಬೇಡಿ, ಅನುಮಾನವಿದ್ದರೆ ಬಾಯಿಬಿಟ್ಟು ಹೇಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಕೇಳಿ ಪಡೆಯಿರಿ. ಬೆಂಗಳೂರಿನ ನಿಮ್ಹಾನ್ಸ್ ಈ ರೂಪದಲ್ಲಿ ಶುರುವಾದದ್ದು 1974ರಲ್ಲಿ. ನಮ್ಮ ಶಾಲೆಯದೂ ಅದರದೂ ಹೆಚ್ಚುಕಡಿಮೆ ಒಂದೇ ವಯಸ್ಸು. ಎರಡೂ ನಮ್ಮಂಥವರಿಗಾಗಿಯೇ ಇರುವ ಸರ್ಕಾರಿ ಸಂಸ್ಥೆಗಳು. ಅಲ್ಲಿಗೆ ಹೋಗಲು ದಾರಿ ತಿಳಿಯದಿದ್ದರೆ ನನ್ನ ಫೋನ್ ನಂಬರ್ ಶಾಲೆಯ ಆಫೀಸಿನಲ್ಲಿದೆ. ಜೊತೆಗೆ ಬರುತ್ತೇನೆ.

ಕೊನೆಯದು ನಮ್ಮವ್ವನಿಗೆ. ಹಿಂದೆ ಹೆಂಗಸರ ಸಾಲಿನಲ್ಲಿ ಕೂತಿದ್ದಾಳೆ. ನಾನು ಇವತ್ತು ಏನು ಮಾತಾಡುತ್ತೇನೆ ಎಂದು ಅವಳಿಗೆ ನಿನ್ನೆ ರಾತ್ರಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ನಿನ್ನಿಷ್ಟ ಕಣಪ್ಪ" ಅಂದಳು. ಅವಳು ಒಪ್ಪಿದಳೋ ಇಲ್ಲವೋ ನನಗೆ ಇನ್ನೂ ಗೊತ್ತಿಲ್ಲ. ಅವ್ವ, ಮೊಮ್ಮಗಳನ್ನು ಯಾರು ಕೇಳಿಕೊಂಡು ಬರುತ್ತಾರೆ ಅನ್ನುವುದು ಇನ್ನೂ ಬಹಳ ದೂರದ ಮಾತು. ಅವಳಿಗೆ ತಲೆ ನೋವು ಬಂದರೆ ಹೇಳಿಕೊಳ್ಳಲು ಜನ ಇರಲಿ ಅನ್ನುವುದು ಇವತ್ತಿನ ಮಾತು. ಅದಕ್ಕೇ ಹೇಳಿಬಿಟ್ಟೆ.